ಹೊಸಬರಿಗೆ ಮಾರ್ಗದರ್ಶಿ: ಕಾರವಾರದಲ್ಲಿ ಮರಕ್ಕೆ ಕೊಡಲಿ ಹಾಕುವ ಮೊದಲು

ಕೈಗಾ, ನೌಕಾನೆಲೆ, ಬ್ಯಾಂಕು, ಜಿಲ್ಲಾ ಕಚೇರಿ ಎಂದು ವರ್ಗವಾಗಿ ಬಂದಿದ್ದೀರಿ. ಮನೆ, ಗ್ಯಾಸು, ಶಾಲೆಯ ವಿಷಯ ಬೇರೆ ಹಾಳೆಗಳಲ್ಲಿದೆ. ಮರಕ್ಕೇ ಒಂದು ಹಾಳೆ ಯಾಕೆಂದರೆ, ಮೇ ಕೊನೆಗೆ ನಮ್ಮ ಸಂಘದ ಫೋನಿಗೆ ಬಿಡುವಿರುವುದಿಲ್ಲ. “ಮಾಡಿನ ಮೇಲೆ ಹಲಸಿನ ಕೊಂಬೆ ಬಾಗಿದೆ, ನಾಳೆ ಆಳು ಕರೆಸಿ ಬುಡಕ್ಕೇ ಕಡಿಸಿಬಿಡಲೇ ಸರ್?” ಕಡಿಸಬೇಡಿ ಮಾರಾಯ್ರೇ.

ಯಾರನ್ನು ಕೇಳಬೇಕು?

ಬೆಂಗಳೂರಿನಲ್ಲಿ ಪಾಲಿಕೆಗೆ ಅರ್ಜಿ ಕೊಟ್ಟು ರೂಢಿಯಾದವರು ಇಲ್ಲಿ ನೇರ ನಗರಸಭೆಗೆ ಹೋಗಿ ನಿಲ್ಲುತ್ತಾರೆ. ಇಲ್ಲಿ ಅನುಮತಿ ಕೊಡುವುದು ಅರಣ್ಯ ಇಲಾಖೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿ ಎಂದರೆ ಆ ಇಲಾಖೆಯ ಅಧಿಕಾರಿ. ಜಾಗ ನಿಮ್ಮದು, ಗಿಡ ನೆಟ್ಟದ್ದು ನಿಮ್ಮ ಮಾವನವರು, ಅದೆಲ್ಲ ಸರಿ. ಕಡಿಯುವ ಮುಂಚೆ ಅನುಮತಿ ಬೇಕೇ ಬೇಕು. ಕೊಡಲಿ ಹಾಕಿದರೆ ಮಾತ್ರ ಕಡಿದಂತೆ ಎಂದುಕೊಳ್ಳಬೇಡಿ. ಬುಡ ಸುಡುವುದು, ಮರಕ್ಕೆ ಹಾನಿ ಮಾಡುವುದು ಎಲ್ಲವೂ ಕಾಯ್ದೆಯಲ್ಲಿ ಕಡಿದಂತೆಯೇ. ರಾತ್ರಿ ಬುಡಕ್ಕೆ ಆಸಿಡ್ ಸುರಿದು “ತಾನಾಗಿಯೇ ಒಣಗಿತು” ಎನ್ನುವ ಜಾಣತನ ಫಾರೆಸ್ಟರ್ ಮುಂದೆ ನಡೆಯುವುದಿಲ್ಲ.

ಅರ್ಜಿಯಲ್ಲಿ ನಿಜವಾದ ಕಾರಣ ಬರೆಯಿರಿ. ಮರ ಸತ್ತಿದೆ, ರೋಗ ಬಿದ್ದಿದೆ, ಗಾಳಿಗೆ ಉರುಳಿದೆ, ಜೀವಕ್ಕೋ ಮನೆಗೋ ಅಪಾಯವಿದೆ ಎನ್ನುವುದು ಸ್ಥಳ ನೋಡಿದಾಗ ಸರಿಯೆನಿಸಿದರೆ ಇಲಾಖೆ ಬೇಡ ಎನ್ನುವಂತಿಲ್ಲ. “ದರಕು ಬಿದ್ದು ಅಂಗಳ ಹೊಲಸಾಗುತ್ತದೆ” ಎಂದು ಬರೆದುಕೊಂಡು ಬಂದವರಿದ್ದಾರೆ. ಎಲೆ ಉದುರದ ಮರ ಬೇಕಿದ್ದರೆ ಪ್ಲಾಸ್ಟಿಕ್ಕಿನದು ತಂದಿಟ್ಟುಕೊಳ್ಳಿ. ಅನುಮತಿಯ ಜೊತೆಗೆ ಬದಲಿ ಗಿಡ ನೆಡಬೇಕೆಂಬ ಷರತ್ತು ಹಾಕಬಹುದು. ಮುರುಗಲು ನೆಡಿ, ಬೇಸಿಗೆಯ ಶರಬತ್ತಿಗೂ ಆಯಿತು, ಸಾರಿಗೂ ಆಯಿತು.

ಬಾಡಿಗೆಯವರು ಅರ್ಜಿ ಕೊಡಲು ಬರುವುದಿಲ್ಲ, ಮಾಲೀಕರೇ ಕೊಡಬೇಕು. ಅವರು ಮುಂಬೈಯಲ್ಲೋ ಗೋವಾದಲ್ಲೋ ಇದ್ದರೆ ಫೆಬ್ರವರಿಯಲ್ಲೇ ಬೆನ್ನು ಹತ್ತಿ. ಜೂನ್ ಮಳೆ ಯಾರ ಸಹಿಗೂ ಕಾಯುವುದಿಲ್ಲ.

ಕಡಿದ ಮೇಲಿನ ಪಾಸು

ಇದನ್ನು ಎರಡು ಸಲ ಓದಿ. ಕಡಿಯುವ ಅನುಮತಿ ಬೇರೆ, ನಾಟಾ (ಕಡಿದ ಮರದ ದಿಮ್ಮಿ) ಸಾಗಿಸುವ ಪಾಸು ಬೇರೆ. ನಮ್ಮ ಸದಸ್ಯರೊಬ್ಬರ ಮನೆಯ ಮರವನ್ನು “ಎಲ್ಲ ಕಾಗದ ನಾನು ನೋಡಿಕೊಳ್ತೇನೆ” ಎಂದವನೊಬ್ಬ ಕಡಿದು ಲಾರಿಗೆ ಹೇರಿದ. ಅರಣ್ಯ ತಪಾಸಣೆಯ ಗೇಟಿನಲ್ಲಿ ಲಾರಿ ನಿಂತಿತು, ಅವನ ಫೋನು ಸ್ವಿಚ್ ಆಫ್ ಆಯಿತು, ಕಚೇರಿಗೆ ಅಲೆದದ್ದು ಮನೆಯವರು. ಪಾಸನ್ನು ಕಣ್ಣಾರೆ ನೋಡದೆ ಒಂದು ತುಂಡೂ ಮನೆಯ ದಣಪೆ (ಬೇಲಿಯ ಬಾಗಿಲು) ದಾಟಬಾರದು. ಅಡ್ವಾನ್ಸೂ ಕೊಡಬೇಡಿ.

ಸಾಗವಾನಿ, ಬೀಟೆ, ಗಂಧಕ್ಕೆ ಇನ್ನೂ ಬಿಗಿ. 2001ರ ತಿದ್ದುಪಡಿಯ ನಂತರ ಹಿತ್ತಲ ಗಂಧ ಜಾಗದ ಮಾಲೀಕರದ್ದೇ ಆದರೂ ಇಲಾಖೆಯನ್ನು ಕೇಳದೆ ಕಡಿಯುವಂತಿಲ್ಲ.

ತೆಂಗು, ಗಾಳಿಮರ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್ ಇವು ಖಾಸಗಿ ಜಾಗದಲ್ಲಿದ್ದರೆ ಅನುಮತಿಯಿಂದ ವಿನಾಯಿತಿ. ಹಾಗೆಂದು ಕಡಲತಡಿಯ ಗಾಳಿತೋಪಿಗೆ ಕತ್ತಿ ಹಿಡಿದು ಹೋಗಬೇಡಿ, ಆ ಮರ ನಿಮ್ಮದಲ್ಲ.

“ಅದು ಬರೀ ಪೊದೆಯಲ್ವಾ?”

ಕೋಡಿಬಾಗ, ಸುಂಕೇರಿ, ಕಡವಾಡದ ಕಡೆ ಕಾಳಿಯ ಅಂಚಿಗೆ ಸೈಟು ನೋಡುವವರ ಪ್ರಶ್ನೆಯಿದು. ನೀರಿನಲ್ಲಿ ಬೇರೂರಿ ನಿಂತ ಆ ಪೊದೆ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್. ಹಿತ್ತಲ ಹಲಸಿಗೆ ಅರ್ಜಿ ಹಾಕಿದರೆ ಅನುಮತಿ ಸಿಗಬಹುದು. ಕಾಂಡ್ಲಾ ಕರಾವಳಿ ನಿಯಂತ್ರಣ ವಲಯದ ಅತಿ ಬಿಗಿಯಾದ ವರ್ಗದಲ್ಲಿದೆ. 1,000 ಚದರ ಮೀಟರಿಗಿಂತ ಹೆಚ್ಚು ಹಬ್ಬಿದ್ದರೆ ಅದರ ಸುತ್ತ 50 ಮೀಟರ್ ಕೂಡ ಕಾಯ್ದಿಟ್ಟ ಜಾಗ. ಮೀನು, ಸೀಗಡಿ ಮರಿ ಬೆಳೆಯುವುದು ಆ ಬೇರುಗಳ ನಡುವೆ, ದಡದ ಮಣ್ಣು ಹಿಡಿದಿರುವುದೂ ಅವೇ. “ಸ್ವಲ್ಪ ಮಣ್ಣು ತುಂಬಿದರೆ ಆಯ್ತು” ಎನ್ನುವ ದಲಾಲರಿಗೆ ಅಲ್ಲೇ ಕೈಮುಗಿದು ಬನ್ನಿ. ಮನೆ ಬೇಲಿಯ ದಾಸವಾಳಕ್ಕೆ ಯಾರ ಅಪ್ಪಣೆಯೂ ಬೇಡ.

ಬೀದಿ ಮರ

ಸವರಬೇಡಿ. ವಟಸಾವಿತ್ರಿಗೆ ಆಲದ ಟೊಂಗೆ ಮುರಿದು ಮನೆಗೆ ತರುವ ರೂಢಿಯಿದ್ದರೆ ಇಲ್ಲಿ ಬಿಡಿ. ಮರದ ಬುಡಕ್ಕೇ ಹೋಗಿ ದಾರ ಸುತ್ತಿ ಬನ್ನಿ. ನಾಗಬನದ ಗಿಡದಿಂದ ಕಡ್ಡಿಯನ್ನೂ ಮುರಿಯಬೇಡಿ, ಊರಿನವರು ಕಾಯ್ದೆ ತೋರಿಸುವಷ್ಟು ತಾಳ್ಮೆಯವರಲ್ಲ. ಸರ್ಕಾರಿ ಕೆಲಸಕ್ಕೆ 50ಕ್ಕೂ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಅಂಥ ಪ್ರಕಟಣೆ ಕಂಡರೆ ಸಂಘಕ್ಕೆ ಫೋಟೋ ಕಳಿಸಿ.

ಕರೆಗಳು:
ಲೈನಿನ ಮೇಲೆ ಕೊಂಬೆ: ಹೆಸ್ಕಾಂ 1912
ಅಕ್ರಮ ಕಡಿತ: ಅರಣ್ಯ ಸಹಾಯವಾಣಿ 1926
ಮನೆಯ ಮೇಲೆ ಮರ: 112

ಶಿರಸಿಗೆ ಮನೆ ಮಾಡುವವರಿಗೆ

ತೋಟದ ಪಕ್ಕದ ಸೊಪ್ಪಿನ ಬೆಟ್ಟ ಖಾಲಿ ಕಾಡಲ್ಲ. ಅಡಿಕೆ ತೋಟಿಗರು ತಲೆತಲಾಂತರದಿಂದ ಗೊಬ್ಬರಕ್ಕೆ ಸೊಪ್ಪು, ದರಕು ತರುವ ಜಾಗ; ತುದಿ ಬಿಟ್ಟು ಕೊಂಬೆ ಮಾತ್ರ ಸವರುತ್ತಾರೆ. ಪಿಕ್‌ನಿಕ್ಕಿಗೆ ಹೋಗಿ ಒಲೆ ಹೂಡಬೇಡಿ. ನಮ್ಮ ಜಿಲ್ಲೆಯವರು 1983ರ ಸೆಪ್ಟೆಂಬರ್ 8ರಂದು ಶಿರಸಿ ಬಳಿಯ ಕಳಸೆ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತು ಕೊಡಲಿ ತಡೆದವರು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಜೀವಮಾನವಿಡೀ ಗಿಡ ಬೆಳೆಸಿ, ಬರಿಗಾಲಲ್ಲೇ ಹೋಗಿ ಪದ್ಮಶ್ರೀ ಪಡೆದರು. ಇಂಥ ಊರಿಗೆ ಬಂದಿದ್ದೀರಿ ಎನ್ನುವುದು ನೆನಪಿರಲಿ.

ಅರ್ಜಿ ಬರೆಯಲು ತೊಡಕಾದರೆ ಭಾನುವಾರ ಬೆಳಿಗ್ಗೆ ಸಂಘಕ್ಕೆ ಬನ್ನಿ, ಬರೆದು ಕೊಡುತ್ತೇವೆ. ಪಹಣಿ ಅಥವಾ ಖಾತೆ ಉತಾರ, ಮಾಲೀಕರ ಸಹಿ, ಮರದ ಎರಡು ಫೋಟೋ ಜೊತೆಗಿರಲಿ. ಒಂದರಲ್ಲಿ ಬುಡ, ಇನ್ನೊಂದರಲ್ಲಿ ಮನೆಯೂ ಮರವೂ ಒಟ್ಟಿಗೆ ಕಾಣಬೇಕು.