ರಾಗಿ ನಿಂತರೆ ನಾನೂ ನಿಲ್ಲಬೇಕು

ನಮ್ಮೂರು ಪಾಂಡವಪುರ ತಾಲ್ಲೂಕಿನಲ್ಲಿ, ನಾಲೆ ನೀರು ಹತ್ತದ ದಿಣ್ಣೆ ಮೇಲೆ. ಕೆಳಗೆ ವಿಶ್ವೇಶ್ವರಯ್ಯ ನಾಲೆಯ ಬಯಲು, ಕಬ್ಬು, ಭತ್ತ. ಮೇಲೆ ರಾಗಿ, ಹುರುಳಿ, ಅವರೆ. ಇಂಥ ಊರಿಗೆ ಪಾಯಿಂಟರ್ ನಾಯಿ ಬಂದದ್ದು ನನ್ನಿಂದ. ಮೈಸೂರಿನಲ್ಲಿ ಕೆಲಸಕ್ಕಿದ್ದಾಗ ನಮ್ಮ ಬೀದಿಯವರೊಬ್ಬರು ಮನೆ ಖಾಲಿ ಮಾಡುತ್ತಾ ಐದು ತಿಂಗಳ ಮರಿಯನ್ನು ನನ್ನ ಕೈಗಿಟ್ಟು ಹೋದರು. ಬಿಳಿ ಮೈ, ಮೇಲೆ ರಾಗಿ ಚೆಲ್ಲಿದ ಹಾಗೆ ಕಂದು ಚುಕ್ಕಿ. ರಾಗಿ ಎಂದೇ ಕರೆದೆ. "ಉಣ್ಣೋ ಅನ್ನದ್ ಎಸ್ರ ನಾಯಿಗ್ ಮಡ್ಗವ್ನೆ" ಎಂದು ಅವ್ವ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಅದಕ್ಕೆ ಮುದ್ದೆ ಹಾಕಿದವಳೂ ಅವಳೇ.

ಯಾವ ನಾಯಿಯಾದರೂ ಹಕ್ಕಿ ಮೇಲೆ ಎಗರುವ ಮುಂಚೆ ಒಂದು ಗಳಿಗೆ ತಡೆಯುತ್ತದೆ. ಇಂಗ್ಲೆಂಡಿನ ಬೇಟೆಗಾರರು ತಲೆಮಾರುಗಟ್ಟಲೆ ಮರಿ ಆರಿಸುತ್ತಾ ಆ ಒಂದು ಗಳಿಗೆಯನ್ನೇ ಎಳೆದು ಉದ್ದ ಮಾಡಿದರು. ಹಾಗೆ ಬಂದ ತಳಿ ಇದು. ವಾಸನೆ ಸಿಕ್ಕಿತೋ, ಬಾಲ ನೆಟ್ಟಗೆ, ಮೂಗು ಮುಂದಕ್ಕೆ, ಮುಂಗಾಲೊಂದು ಮಡಚಿ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಆಮೇಲಿನದು ಕೋವಿಯವನ ಕೆಲಸ. ನಮ್ಮಲ್ಲಿ ಕೋವಿಯವನಿಲ್ಲ, ಇರಲೂ ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಗೌಜಿಗ, ಬುರ್ಲಿಯಂಥ ನೆಲದ ಹಕ್ಕಿ ಯಾವುದನ್ನೂ ಹೊಡೆಯುವಂತಿಲ್ಲ, ಹಿಡಿಯುವಂತಿಲ್ಲ. ಪಕ್ಕದ ಮನೆ ದೊಡ್ಡಪ್ಪ ಹುಡುಗನಾಗಿದ್ದಾಗ ಬುರ್ಲಿಗೆ ಉರುಳು ಒಡ್ಡಿದವನು. ಅವನಿಗೆ ಇದು ಅರ್ಥವೇ ಆಗಲಿಲ್ಲ. "ಇಡಿಯಾಕಿಲ್ಲ ಅಂದ್ಮೇಲೆ ಯಾಕ್ಲಾ ಇದು? ಬರೀ ತೋರ್ಸಕ್ಕಾ?" ಹೌದು, ತೋರಿಸುವುದಕ್ಕಷ್ಟೇ. ಹಕ್ಕಿ ಎಲ್ಲಿದೆ ಎಂದು ತೋರಿಸಬೇಕು, ಎಬ್ಬಿಸದೆ ವಾಪಸ್ ಬರಬೇಕು. ನಾನು ಕಲಿಸಿದ್ದು ಇಷ್ಟೇ. ಇಷ್ಟಕ್ಕೆ ಒಂದೂವರೆ ವರ್ಷ ಹಿಡಿಯಿತು.

ಶುರು ಮಾಡಿದ್ದು ತಟ್ಟೆಯಿಂದ. ಮುದ್ದೆ ಮುಂದಿಟ್ಟು "ತಡಿ" ಎನ್ನುವುದು, ಹತ್ತು ಎಣಿಸಿ "ತಿನ್ನು" ಎನ್ನುವುದು. ಹತ್ತು ಅರವತ್ತಾಗುವ ಹೊತ್ತಿಗೆ ಜೊಲ್ಲು ಸುರಿದು ನೆಲ ಒದ್ದೆಯಾದರೂ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಆಮೇಲೆ ಹೊಲಕ್ಕೆ. ಕೊರಳಿಗೆ ಮೂವತ್ತಡಿ ನೈಲಾನ್ ಹಗ್ಗ ಕಟ್ಟಿ, ತುದಿಯನ್ನು ನೆಲಕ್ಕೆ ಬಿಟ್ಟು ಓಡಾಡಿಸುವುದು, "ತಡಿ" ಎಂದಾಗ ನಿಲ್ಲದಿದ್ದರೆ ಹಗ್ಗದ ಮೇಲೆ ಕಾಲಿಡುವುದು. ಬೈಯಬಾರದು, ಎಳೆದಾಡಬಾರದು. ಒಮ್ಮೆ ಸಿಟ್ಟಿಗೆದ್ದು ಹಗ್ಗ ಜಗ್ಗಿದ್ದಕ್ಕೆ ಎರಡು ದಿನ ಆ ಹೊಲದ ಕಡೆಗೇ ಬರಲಿಲ್ಲ.

ಒಂದು ತಪ್ಪನ್ನೂ ಮಾಡಿದೆ. ಗಾಳದ ಕಡ್ಡಿಗೆ ನಾಟಿಕೋಳಿ ರೆಕ್ಕೆ ಕಟ್ಟಿ ಮರಿಯ ಮುಂದೆ ಆಡಿಸಿದರೆ ಅದು ಚೆಂದವಾಗಿ ನಿಲ್ಲುತ್ತದೆ. ನೋಡುವವರಿಗೆ ಖುಷಿ, ನನಗೆ ಇನ್ನೂ ಖುಷಿ. ತಿಂಗಳುಗಟ್ಟಲೆ ಆಡಿಸಿದೆ. ಹಾಗೆ ಮಾಡಿದರೆ ನಾಯಿ ಕಣ್ಣು ನಂಬಲು ಕಲಿಯುತ್ತದೆ, ಮೂಗು ಮರೆಯುತ್ತದೆ. ನಮ್ಮ ರಾಗಿ ಚಿಟ್ಟೆಗೂ ನಿಂತಳು, ಹಾರುವ ಪ್ಲಾಸ್ಟಿಕ್ ಕವರಿಗೂ ನಿಂತಳು. ಆ ಕಡ್ಡಿ ಒಂದೆರಡು ದಿನಕ್ಕೆ ಸಾಕು. ಸರಿಪಡಿಸಲು ಸಾಕಣೆಯವರ ಹತ್ತಿರ ಎರಡು ಜಪಾನಿ ಕ್ವೇಲ್ ತಂದೆ. ಇವನ್ನು ಸಾಕಬಹುದು, ಮಾರಬಹುದು. ಅವರು ಇದನ್ನೇ ಗೌಜಲಕ್ಕಿ ಎನ್ನುತ್ತಾರೆ, ನಮ್ಮ ಹೊಲದ ಗೌಜಿಗ ಬೇರೆ. ತಂತಿ ಪಂಜರದಲ್ಲಿಟ್ಟು, ಮೇಲೆ ರಾಗಿ ಹುಲ್ಲು ಹೊದಿಸಿ, ಗಾಳಿ ಅಡ್ಡ ಬೀಸುವ ಹಾಗೆ ಅವಳನ್ನು ನಡೆಸಿಕೊಂಡು ಹೋದೆ. ಕಣ್ಣಿಗೆ ಏನೂ ಕಾಣಬಾರದು. ನಾಲ್ಕನೆಯ ದಿನ ನಡೆಯುತ್ತಾ ನಡೆಯುತ್ತಾ ಕತ್ತು ಹಿಡಿದವರ ಹಾಗೆ ತಲೆ ಪಕ್ಕಕ್ಕೆ ತಿರುಗಿತು, ಕಾಲು ಅಲ್ಲೇ ನಿಂತಿತು. ಆವತ್ತು ಅವಳ ಮೂಗು ತೆರೆಯಿತು ಎನ್ನಬೇಕು.

ಕಾಡುಹಕ್ಕಿಯ ಹತ್ತಿರ ಹೋಗುವುದು ನವೆಂಬರಿನಿಂದ ಜನವರಿವರೆಗೆ ಮಾತ್ರ. ಬೇಸಿಗೆಯಿಂದ ಮಳೆಗಾಲದವರೆಗೆ ಗೌಜಿಗ ಮೊಟ್ಟೆ ಇಡುತ್ತದೆ. ಆಗ ರಾಗಿಗೆ ರಜೆ. ರಾಗಿ ಬೆಳೆ ಕೊಯ್ದ ಮೇಲೂ ಅದರ ನಡುವೆ ಬಿತ್ತಿದ ಅಕ್ಕಡಿ ಸಾಲಿನ ಅವರೆ ಹೊಲದಲ್ಲೇ ಇರುತ್ತದಲ್ಲ, ಬುರ್ಲಿ ಅಡಗುವುದು ಅದರ ಬುಡದಲ್ಲೇ. ಅವರೆ ಸೊಗಡಿಗೆ ನಮ್ಮ ಮೂಗೇ ತುಂಬಿಹೋಗುತ್ತದೆ. ಅದರೊಳಗೆ ಮುಷ್ಟಿಗಾತ್ರದ ಹಕ್ಕಿಯನ್ನು ಅವಳು ಬೇರೆ ಮಾಡಿ ತೆಗೆಯುವುದು ನನಗೆ ಇವತ್ತಿಗೂ ಸೋಜಿಗ. ಎದುರುಗಾಳಿಗೇ ಬಿಡಬೇಕು, ನೆಲದಲ್ಲಿ ಇಬ್ಬನಿಯ ಪಸೆ ಇರಬೇಕು. ಒಂಬತ್ತು ಗಂಟೆ ದಾಟಿ ನೆಲ ಕಾದರೆ ಬರೀ ಓಟ. ಬೆಳಕು ಹರಿಯುವ ಮುಂಚೆ ಹೋದರೆ ಇನ್ನೂ ಒಳ್ಳೆಯದು, ಆದರೆ ನಮ್ಮ ಕಡೆ ಕಬ್ಬಿನ ಗದ್ದೆಯಲ್ಲಿ ಚಿರತೆ ಇದೆ, ಚಿರತೆಗೆ ನಾಯಿ ಎಂದರೆ ಆಸೆ. ಹಾಗಾಗಿ ಹೊತ್ತು ಹುಟ್ಟಿದ ಮೇಲೆಯೇ ಹೊರಡುವುದು, ಕಬ್ಬಿಗೆ ಇಳಿಸುವುದೇ ಇಲ್ಲ. ಮೇಲುಕೋಟೆ ಅಭಯಾರಣ್ಯದ ಕಡೆ, ರಂಗನತಿಟ್ಟಿನ ಕಡೆ ಸುಳಿಯುವುದೂ ಇಲ್ಲ.

ಒಮ್ಮೆ ಕೊಕ್ಕರೆ ಬೆಳ್ಳೂರಿಗೆ ಮಾತ್ರ ನೆಂಟರ ಮನೆಗೆಂದು ಹೋದಾಗ ಜೊತೆಗಿದ್ದಳು, ಗಿಡ್ಡ ಹಗ್ಗದಲ್ಲಿ. ಬೀದಿಯ ಹುಣಸೆ ಮರದ ತುಂಬ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ. ಹಕ್ಕಿನಾಯಿ ಎಂದು ಹುಡುಗರು ಸುತ್ತ ಸೇರಿದರು. ಇವಳು ತಲೆ ಎತ್ತಿ ನೋಡಲಿಲ್ಲ. ಗೂಡಿನಿಂದ ಬಿದ್ದ ಮೀನಿನ ತುಂಡು ಮೂಸುತ್ತಾ ನನ್ನ ಮಾನ ಕಳೆದಳು.

ಎರಡನೆಯ ವರ್ಷದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ, ಬದುವಿನ ಪಕ್ಕ ರಾಶಿ ಹಾಕಿದ್ದ ಕಬ್ಬಿನ ತರಗಿನ ಹತ್ತಿರ ನಿಂತಳು. ನಿಂತದ್ದು ಸರಿಯಿರಲಿಲ್ಲ. ಬಾಲ ನೆಟ್ಟಗಿಲ್ಲ, ತಗ್ಗಿದೆ. ಮುಂಗಾಲು ಎತ್ತಿಲ್ಲ, ಮೈಭಾರವೆಲ್ಲ ಹಿಂಗಾಲಿನ ಮೇಲೆ. ಗೌಜಿಗವಿರಬೇಕು ಎಂದು ಎರಡು ಹೆಜ್ಜೆ ಮುಂದಿಟ್ಟೆ. ಕುಕ್ಕರ್ ಸೀಟಿಗೆ ಮುಂಚೆ ಆವಿ ಬಿಡುತ್ತದಲ್ಲ, ಅಂಥ ಸದ್ದು. ಕೊಳಕುಮಂಡಲ, ತರಗಿನದೇ ಬಣ್ಣ, ಅವಳ ಮೂತಿಗೆ ನಾಲ್ಕಡಿ ದೂರದಲ್ಲಿ ಸುರುಳಿ ಸುತ್ತಿತ್ತು. ನನ್ನ ಬಾಯಿಂದ "ತಡಿ" ಬಂತೋ ಇಲ್ಲವೋ ನೆನಪಿಲ್ಲ. ಅವಳು ಕದಲಲಿಲ್ಲ. ಹಗ್ಗದ ತುದಿ ಸಿಕ್ಕಿತು, ಮೆಲ್ಲಗೆ ಹಿಂದಕ್ಕೆ ತಂದೆ. ಎಗರುವ ನಾಯಿಯಾಗಿದ್ದರೆ ಅವತ್ತೇ ಮುಗಿದಿತ್ತು. ಅಂದಿನಿಂದ ಬಾಲ ನೋಡದೆ ನಾನು ಹೆಜ್ಜೆ ಇಡುವುದಿಲ್ಲ.

ಹಾವಿಗಿಂತ ಹೆಚ್ಚು ಕಾಡಿದ್ದು ರಕ್ತ ಹೀರುವ ಉಣ್ಣೆ ಹುಳ. ಮರುವರ್ಷ ಒಂದು ದಿನ ಮೂಗಿನಲ್ಲಿ ರಕ್ತ ಜಿನುಗಿತು, ಒಸಡು ಬಿಳಿಚಿಕೊಂಡಿತ್ತು. ಮೊದಲು ತೋರಿಸಿದ ಕಡೆ ಶಾಖ ಜಾಸ್ತಿಯಾಗಿದೆ, ಮಜ್ಜಿಗೆ ಕೊಡಿ ಎಂದು ಕಳಿಸಿದರು. ಮಜ್ಜಿಗೆ ಕುಡಿಸುತ್ತಾ ಎರಡು ದಿನ ಹಾಳು ಮಾಡಿದೆ. ಮೈಸೂರಿಗೆ ಒಯ್ದು ರಕ್ತ ಪರೀಕ್ಷೆ ಮಾಡಿಸಿದಾಗ ಉಣ್ಣೆ ಜ್ವರ ಎಂದು ಗೊತ್ತಾಯಿತು, ಪ್ಲೇಟ್‌ಲೆಟ್ ತಳ ಕಂಡಿತ್ತು. ನಾಲ್ಕು ವಾರ ಡಾಕ್ಸಿಸೈಕ್ಲಿನ್ ಮಾತ್ರೆ. ಈಗ ಹೊಲದಿಂದ ಬಂದ ಕೂಡಲೇ ಕಿವಿ ಒಳಗೆ, ಬೆರಳ ಸಂದು, ಬಾಲದ ಬುಡ ಎಲ್ಲ ಬೆರಳಾಡಿಸಿ ನೋಡುವುದು ಅವ್ವನ ಪಾಲಿನ ಕೆಲಸ. ನೆಗ್ಗಿಲು ಮುಳ್ಳೂ ಆಗಲೇ ಸಿಕ್ಕುತ್ತದೆ.

ಈಗ ರಾಗಿಗೆ ಏಳು ವರ್ಷ. ದೊಡ್ಡಪ್ಪ ಎರಡು ವರ್ಷದಿಂದ ನಮ್ಮ ಜೊತೆ ಬರುತ್ತಾನೆ. ಯಾಕೆ ಎಂದರೆ "ಅದು ನಿಂತ್ಕಳದ ನೋಡಕ್ಕೆ ಕಣ್ಲಾ" ಎನ್ನುತ್ತಾನೆ. ಯಾವ ಸಾಲಿನಲ್ಲಿ ಬುರ್ಲಿ ಇರುತ್ತದೆಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು, ಉರುಳು ಒಡ್ಡಿದ ಕೈಯಲ್ಲವೇ. ಹೋದ ಜನವರಿಯಲ್ಲಿ ಅವನದೇ ಹೊಲದ ಅವರೆ ಸಾಲಿನಲ್ಲಿ ರಾಗಿ ನಿಂತಳು. ಬಾಲ ನೆಟ್ಟಗೆ, ಎಡಗಾಲು ಮಡಚಿ. ನಾವಿಬ್ಬರೂ ನಿಂತೆವು. ನಾನೇನೋ ಹೇಳಲು ಬಾಯಿ ತೆರೆದರೆ ದೊಡ್ಡಪ್ಪ ಬಾಯಿ ಮೇಲೆ ಬೆರಳಿಟ್ಟು ಕಣ್ಣು ಬಿಟ್ಟ. ಎರಡು ನಿಮಿಷವಾಗಿರಬೇಕು, ಬೀಡಿ ಎದೆ, ಅವನಿಗೇ ಕೆಮ್ಮು ಬಂತು. ಬುರ್ರೆಂದು ಐದಾರು ಬುರ್ಲಿ ಎದ್ದು ಆಚೆ ಹೊಲಕ್ಕೆ ಹೋದವು. ರಾಗಿ ಕಾಲು ಇಳಿಸಲಿಲ್ಲ, ಕತ್ತು ಮಾತ್ರ ತಿರುಗಿಸಿ ಅವನನ್ನು ನೋಡಿದಳು.

ದೊಡ್ಡಪ್ಪ ಟವಲು ಬಾಯಿಗೆ ಒತ್ತಿಕೊಂಡು, "ತೆಪ್ಪಾಯ್ತು ಕಣವ್ವ" ಎಂದ.