ಹೂವಿಗೊಂದು, ಕುಡಿಗೊಂದು ಕೇಪಳ

ಉಡುಪಿಯಿಂದ ಹಿರಿಯಡಕದ ಕಡೆಗೆ ಹೋದರೆ ಮುರಕಲ್ಲಿನ ಗುಡ್ಡೆಗಳಲ್ಲಿ ಕೇಪಳ ಎಂಬ ಪೊದೆಗಿಡ ತಾನಾಗಿಯೇ ಬೆಳೆದಿರುತ್ತದೆ. ನೀರು ಹಾಕುವವರಿಲ್ಲ, ಗೊಬ್ಬರ ಕೊಡುವವರಿಲ್ಲ. ಆದರೂ ಕೆಂಪು ಗೊಂಚಲು ತಪ್ಪುವುದಿಲ್ಲ. ಅದರ ಬಂಧುಗಳೇ ‘ಇಕ್ಸೋರಾ’ ಎಂಬ ಹೆಸರಿನಲ್ಲಿ ನರ್ಸರಿಯ ಕುಂಡಗಳಲ್ಲಿ ಕುಳಿತಿವೆ. ಹಳದಿ, ಗುಲಾಬಿ ಬಣ್ಣದ ಆ ಗಿಡ್ಡ ತಳಿಗಳು ಅಂಗಳದ ಚೆಂದಕ್ಕೆ ಸರಿ. ಅಡುಗೆಗೂ ಮದ್ದಿಗೂ ನಾನು ಬಳಸುವುದು ಗುಡ್ಡೆಯ ಕೆಂಪು ಕೇಪಳವನ್ನು ಮಾತ್ರ. ನಮ್ಮ ಹಿರಿಯರು ಕುಡಿ ಚಿವುಟುತ್ತಿದ್ದುದು ಅದರಿಂದಲೇ.

ನನ್ನ ಗಿಡಗಳೆಲ್ಲ ಗೆಲ್ಲಿನಿಂದ, ಅಂದರೆ ಕೊಂಬೆಯ ತುಂಡಿನಿಂದ, ಆದವು. ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ, ಅರೆ ಬಲಿತ ಗೆಲ್ಲನ್ನು ಗೇಣುದ್ದ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಕೆಂಪು ಮಣ್ಣಿನಲ್ಲಿ ಊರಿ ನೆರಳಿನಲ್ಲಿಡುತ್ತೇನೆ. ಬೇರು ಬರಲು ಒಂದೂವರೆ ತಿಂಗಳಾದರೂ ಬೇಕು. ನಡುವೆ ಎಳೆದು ನೋಡುವ ಚಪಲ ಬೇಡ. ನೆಡುವಾಗ ಸಿಮೆಂಟ್ ಗೋಡೆಯ ಬುಡವನ್ನು ಬಿಟ್ಟುಬಿಡುತ್ತೇನೆ. ಕೇಪಳಕ್ಕೆ ಹುಳಿ ಮಣ್ಣು ಬೇಕು. ಗೋಡೆಯ ಸುಣ್ಣದಂಶ ಮಣ್ಣಿಗಿಳಿದರೆ ಬೇರಿಗೆ ಕಬ್ಬಿಣದ ಅಂಶ ದಕ್ಕದೆ ಎಳೆಯ ಎಲೆಗಳು ಹಳದಿಯಾಗುತ್ತವೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಎಷ್ಟೋ ಮನೆಗಳ ಕಾಂಪೌಂಡ್ ಬದಿಯಲ್ಲಿ ಇಕ್ಸೋರಾ ಸಾಲು ಸೊರಗಿ ನಿಂತಿರುವುದು ಇದರಿಂದಲೇ, ನೀರಿನ ಕೊರತೆಯಿಂದಲ್ಲ.

ಇನ್ನು ಸವರುವ ವಿಚಾರ. ಕೇಪಳದ ಗೊಂಚಲು ಬಿಡುವುದು ಗೆಲ್ಲಿನ ತುದಿಯಲ್ಲಿ. ತಂಬುಳಿಗೆಂದು, ಅಂದರೆ ಅನ್ನಕ್ಕೆ ಕಲಸುವ ಮಜ್ಜಿಗೆಯ ತಂಪು ಪದಾರ್ಥಕ್ಕೆಂದು, ಕುಡಿ ಚಿವುಟಿದರೆ ಅಲ್ಲಿ ಬರಬೇಕಾದ ಹೂ ಹೋಯಿತೆಂದೇ ಲೆಕ್ಕ. ನಮ್ಮಲ್ಲಿ ದೇವರ ಪೂಜೆಗೂ ದೈವದ ಕೆಲಸಕ್ಕೂ ಈ ಹೂ ಬೇಕು. ಹೊಟ್ಟೆ ಕೆಟ್ಟಾಗ ಕುಡಿಯೂ ಬೇಕು. ಅತ್ತೆಗೆ ಹೂವಿನ ಚಿಂತೆ, ನನಗೆ ತಂಬುಳಿಯದು. ಈ ಜಗಳ ಮುಗಿಯಲೆಂದು ಗಿಡಗಳನ್ನೇ ಪಾಲು ಮಾಡಿದೆ. ಗೇಟಿನ ಬಳಿಯವನ್ನು ಕತ್ತರಿ ತಾಗಿಸದೆ ಹೂವಿಗೆ ಬಿಟ್ಟಿದ್ದೇನೆ. ಬಾವಿಕಟ್ಟೆಯ ಆಚೆಯದನ್ನು ಸೊಂಟದೆತ್ತರಕ್ಕೆ ಸವರುತ್ತಲೇ ಇರುತ್ತೇನೆ. ಸವರಿದಷ್ಟೂ ಕವಲೊಡೆದು ಎಳೆಯ, ತಾಮ್ರದ ಛಾಯೆಯ ಕುಡಿ ಬರುತ್ತದೆ. ಈ ಗಿಡಕ್ಕೆ ಹಿಟ್ಟುತಿಗಣೆ ಕಂಡರೆ ರಭಸದ ನೀರು ಮಾತ್ರ. ಔಷಧಿ ಹೊಡೆದ ಗಿಡದ ಕುಡಿ ಒಲೆಯ ಹತ್ತಿರ ಬರಬಾರದು.

ತಂಬುಳಿಗೆ ಒಂದು ಹಿಡಿ ಕುಡಿ ಸಾಕು. ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹಾಕಿ, ಕುಡಿಯನ್ನೂ ಸೇರಿಸಿ ಬಾಡುವವರೆಗೆ ಹುರಿಯುತ್ತೇನೆ. ಅರ್ಧ ಕಪ್ ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ, ಮಜ್ಜಿಗೆ, ಉಪ್ಪು ಬೆರೆಸಿದರೆ ಆಯಿತು, ಕುದಿಸುವುದಿಲ್ಲ. ಬಲಿತ ಎಲೆ ಸೇರಿದರೆ ನಾರು, ಮೇಲೆ ವಿಪರೀತ ಒಗರು. ಕುಡಿಯಲ್ಲಿರುವ ಹದವಾದ ಒಗರೇ ಸಡಿಲವಾದ ಹೊಟ್ಟೆಯನ್ನು ಹಿಡಿಯುತ್ತದೆ ಎಂಬುದು ನಮ್ಮ ಮನೆಗಳ ನಂಬಿಕೆ. ಕುಚ್ಚಲಕ್ಕಿ ಅನ್ನಕ್ಕೆ ಮೊದಲ ತುತ್ತಾಗಿ ಬಡಿಸುತ್ತೇನೆ. ಹೊಟ್ಟೆ ಸರಿಯಿದ್ದ ದಿನವೂ ಮಾಡುತ್ತೇನೆ, ರುಚಿಗೆ.

ಹಿಂದೆ ರಕ್ತಭೇದಿಗೆ ಕೇಪಳದ ಬೇರಿನ ಕಷಾಯ ಕೊಡುತ್ತಿದ್ದರು. ನಾನು ಆ ಗೋಜಿಗೆ ಹೋಗುವುದಿಲ್ಲ. ಬೇರು ಕಿತ್ತರೆ ಗಿಡ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಲದಲ್ಲಿ ರಕ್ತ ಕಂಡರೆ ಅದು ವೈದ್ಯರು ನೋಡಬೇಕಾದ ಕಾಯಿಲೆ. ಪುಟ್ಟ ಮಕ್ಕಳಿಗೆ ಭೇದಿ ಶುರುವಾದರೆ ಮೊದಲು ಓಆರ್‌ಎಸ್, ತಂಬುಳಿ ಆಮೇಲೆ.

ಹೂವಿನ ಎಣ್ಣೆಯನ್ನು ಮಾತ್ರ ಪ್ರತಿ ಬೇಸಿಗೆಗೂ ಕಾಯಿಸಿಡುತ್ತೇನೆ. ಬಿಡಿಸಿದ ಹೂಗಳನ್ನು ತೊಳೆದು, ಬಟ್ಟೆಯ ಮೇಲೆ ಹರಡಿ ನೀರಾರಿಸಿ, ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸುವುದು. ಚಟಪಟ ಸದ್ದು ನಿಂತು ದಳಗಳು ಕಂದು ಬಣ್ಣಕ್ಕೆ ತಿರುಗಿದಾಗ ಇಳಿಸಿ, ತಣಿದ ಮೇಲೆ ಸೋಸಿ ಗಾಜಿನ ಬಾಟಲಿಗೆ ತುಂಬುತ್ತೇನೆ. ನೀರಿನ ಪಸೆ ಉಳಿದರೆ ಎಣ್ಣೆ ಕೆಡುತ್ತದೆ. ಮಕ್ಕಳ ಮೈ ತುರಿಕೆಗೆ ಸ್ನಾನಕ್ಕೆ ಮುಂಚೆ ಹಚ್ಚುತ್ತೇವೆ. ಮೊದಲ ಸಲವಾದರೆ ಕೈಮೇಲೆ ಸ್ವಲ್ಪ ಹಚ್ಚಿ ಒಂದು ದಿನ ಕಾಯುತ್ತೇವೆ. ಕೀವಾದ ಗಾಯಕ್ಕೆ ಇದು ಬೇಡ.

ಮಂಗಳೂರಿನ ಫ್ಲ್ಯಾಟಿನಲ್ಲಿರುವ ತಂಗಿಗೂ ಒಂದು ಗಿಡ ಕೊಟ್ಟಿದ್ದೇನೆ. ಬಾಲ್ಕನಿಯಲ್ಲಿ ಅರ್ಧ ದಿನ ಬಿಸಿಲು ಬೀಳುವ ಕಡೆ, ದೊಡ್ಡ ಕುಂಡದಲ್ಲಿ ಚೆನ್ನಾಗಿಯೇ ಇದೆ. ಅವಳದು ಒಂದೇ ಗಿಡವಾದ್ದರಿಂದ ಒಂದು ಬದಿಯ ಗೆಲ್ಲುಗಳನ್ನಷ್ಟೇ ಚಿವುಟುತ್ತಾಳೆ.