ಬೆಣಚುಕಲ್ಲಲ್ಲಿ ಚಿನ್ನ ಇದೆಯಾ? ಮೊದಲು ಅಂಚು ನೋಡಿ

ಕೆಜಿಎಫ್ ಕಡೆಯಿಂದಲೋ ಹಟ್ಟಿ ಕಡೆಯಿಂದಲೋ ಬೆಣಚುಕಲ್ಲು ತಂದು, 'ಇದರಲ್ಲಿ ಚಿನ್ನ ಇದೆಯಾ ನೋಡಿ' ಎನ್ನುವವರನ್ನು ತುಂಬಾ ಕಂಡಿದ್ದೇನೆ. ಹೆಚ್ಚಿನವರು ಮಾಡುವ ತಪ್ಪು ಒಂದೇ. ಅಂಟಿಕೊಂಡಿದ್ದ ಕಪ್ಪು ಕಲ್ಲನ್ನು ಒಡೆದು ಬಿಸಾಡಿ, ಬಿಳಿ ತುಂಡು ಮಾತ್ರ ತಂದಿರುತ್ತಾರೆ. ನೋಡಬೇಕಾದ ಜಾಗವೇ ಹೋಯಿತಲ್ಲ!

ಮೊದಲು ಕಲ್ಲು. ಬದುವಿನಲ್ಲಿ ಬಿದ್ದದ್ದು ಸಾಕು, ಜಾಗದವರನ್ನು ಕೇಳಿ ತೆಗೆದುಕೊಳ್ಳಿ. ಹಳೇ ಗಣಿ ಬಾವಿ, ಸೈನೈಡ್ ದಿಬ್ಬಗಳ ಹತ್ತಿರ ಹೋಗಲೇಬೇಡಿ. ಕಲ್ಲನ್ನು ತೊಳೆದು ಒಣಗಿಸಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಗಾಜಿನ ಲೆನ್ಸ್ ಕೊಳ್ಳಿ. ಅಗ್ಗದ ಪ್ಲಾಸ್ಟಿಕ್ ಲೆನ್ಸ್ ಬೇಡ, ಅದರಲ್ಲಿ ಇಲ್ಲದ ಬಣ್ಣವೆಲ್ಲ ಕಾಣುತ್ತದೆ.

ಈಗ ಅಂಚು, ಅಂದರೆ ಬಿಳಿ ಕಲ್ಲು ಕಪ್ಪು ಕಲ್ಲಿಗೆ ಅಂಟಿಕೊಂಡ ಜಾಗ. ಇಲ್ಲಿ ಅವಸರ ಮಾಡಬೇಡಿ. 250 ಕೋಟಿ ವರ್ಷಗಳಷ್ಟು ಹಿಂದೆ, ನೆಲದಾಳದಲ್ಲಿ 300 ಡಿಗ್ರಿಗೂ ಜಾಸ್ತಿ ಕಾದ ನೀರು ಬಿರುಕುಗಳಲ್ಲಿ ಮೇಲೇರುತ್ತಿತ್ತು. ಆ ಬಿರುಕುಗಳಲ್ಲಿ ತುಂಬಿಕೊಂಡದ್ದೇ ಈ ಬಿಳಿ ಬೆಣಚುಕಲ್ಲು. ಬರೀ ನೀರಿಗೆ ಚಿನ್ನ ಕರಗುವುದಿಲ್ಲ. ಆ ನೀರಿನಲ್ಲಿದ್ದ ಗಂಧಕ ಅದನ್ನು ಹಿಡಿದುಕೊಂಡಿತ್ತು. ಬಿರುಕಿನ ಎರಡೂ ಬದಿಗೆ ಕಬ್ಬಿಣ ತುಂಬಿದ ಕಪ್ಪು ಕಲ್ಲು. ಗಂಧಕ ಆ ಕಬ್ಬಿಣದ ಜೊತೆ ಸೇರಿ ಪೈರೈಟ್‌ನಂಥ ಖನಿಜವಾಯಿತು. ಹಿಡಿದವರೇ ಕೈಬಿಟ್ಟ ಮೇಲೆ ಚಿನ್ನ ಅಲ್ಲೇ ಕೂತಿತು. ಅದಕ್ಕೇ ಅಂಚು ನೋಡಿ ಎನ್ನುವುದು. ಕಪ್ಪು ಕಲ್ಲು ಅಲ್ಲಿ ಕಂದು ಬಣ್ಣಕ್ಕೆ ತಿರುಗಿ, ಅಭ್ರಕದ ಹೊಳಪು, ಪೈರೈಟಿನ ಚುಕ್ಕೆ ಕಂಡರೆ ಒಳ್ಳೆಯ ಗುರುತು.

ಇನ್ನೊಂದು ದಾರಿಯೂ ಇದೆ. ಭೂಮಿ ಅಲುಗಿ ಬಿರುಕು ಬಾಯಿಬಿಟ್ಟಾಗ ಒತ್ತಡ ಒಮ್ಮೆಗೇ ಇಳಿಯುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ ಗ್ಯಾಸ್ ಬೇರೆಯಾಗುತ್ತದೆ, ಗಂಧಕವೂ ಅದರ ಜೊತೆ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಬಿರುಕು ಮುಚ್ಚಿ, ಮತ್ತೆ ತೆರೆದು, ಹೀಗೆ ಎಷ್ಟೋ ಸಲ ಆಗಿರುತ್ತದೆ. ಬಿಳಿ ಕಲ್ಲಿನೊಳಗೆ ಕಾಣುವ ತೆಳು ಕಪ್ಪು ಗೆರೆಗಳು ಅದರ ಗುರುತು. ಇಂಥ ಗೆರೆ ಇರುವ ಕಲ್ಲನ್ನೇ ಆರಿಸಿ. ಹಾಲಿನ ಹಾಗೆ ಒಂದೇ ಬಿಳುಪಿನ ಕಲ್ಲಿಗೆ ನಾನಂತೂ ಹೊತ್ತು ಕೊಡುವುದಿಲ್ಲ.

(ತಾಮ್ರ, ಸೀಸ, ಸತುವಿನ ದಾರಿ ಬೇರೆ. ಅವು ಹೆಚ್ಚಾಗಿ ಉಪ್ಪುನೀರಿನ ಕ್ಲೋರಿನ್ ಹಿಡಿದು ಬರುತ್ತವೆ. ಅದಕ್ಕೇ ಚಿನ್ನದ ಎಷ್ಟೋ ಗಣಿಗಳಲ್ಲಿ ಅವು ತೀರಾ ಕಡಿಮೆ.)

ಹಳದಿ ಚುಕ್ಕೆ ಕಂಡರೆ ಸೂಜಿಯಿಂದ ಒತ್ತಿ. ಚಿನ್ನ ತಗ್ಗಾಗುತ್ತದೆ, ಪೈರೈಟ್ ಪುಡಿಯಾಗುತ್ತದೆ, ಕಾಗೆಬಂಗಾರ (ಅಭ್ರಕ) ಪದರವಾಗಿ ಏಳುತ್ತದೆ. ಆಮೇಲೆ ಉಜ್ಜಿ ಗೆರೆಯ ಬಣ್ಣ ನೋಡಿ. ಅಕ್ಕಸಾಲಿಗರ ಒರೆಗಲ್ಲು ಕಪ್ಪು, ನಮಗೆ ಬೇಕಾದ್ದು ಬಿಳಿ. ಬಾತ್‌ರೂಮ್ ಟೈಲ್ಸ್‌ನ ಹಿಂಬದಿ, ಹೊಳಪಿಲ್ಲದ ಬಿಳಿ ಮೈ ಇದ್ದರೆ, ಸಾಕು. ಉಜ್ಜಿದಾಗ ಚಿನ್ನದ ಗೆರೆ ಹಳದಿ, ಪೈರೈಟಿನದು ಹಸಿರುಗಪ್ಪು. ಆಸಿಡ್ ಬಾಟಲಿಗಳನ್ನು ಮನೆಗೆ ತರಬೇಡಿ.

ಏನೂ ಕಾಣದಿದ್ದರೆ ಚಿನ್ನ ಇಲ್ಲ ಎಂದಲ್ಲ. ಟನ್‌ಗೆ 5 ಗ್ರಾಂ ಇರುವ ಅದಿರಾದರೆ ಕಿಲೋ ಕಲ್ಲಿನಲ್ಲಿ ಸಿಗುವುದು 5 ಮಿಲಿಗ್ರಾಂ. ಅದು ಕಣ್ಣಿಗೆ ಬೀಳುವುದೇ ಅಪರೂಪ. ಲ್ಯಾಬ್‌ಗೆ ಕೊಡುವುದಾದರೆ ಬಿಳಿ ಕಲ್ಲು ಒಂದು ಚೀಲದಲ್ಲಿ, ಅಂಚಿನ ಕಪ್ಪು ಕಲ್ಲು ಇನ್ನೊಂದರಲ್ಲಿ ಹಾಕಿ, ಎರಡಕ್ಕೂ ಚೀಟಿ ಅಂಟಿಸಿ ಕೊಡಿ.